ನೀಲಿ ಬೆಳಕಿನ ಎರಡು ಕಥೆಗಳು

ಕಳೆದ ಚಳಿಗಾಲದಲ್ಲಿ ನನ್ನ ಮಗಳಿಗೆ ಹೆಣ್ಣುಮಗು ಹುಟ್ಟಿತು. ಮೂರನೆಯ ದಿನ ಬೆಳಗ್ಗೆ ಕೂಸಿನ ಮುಖ ಅರಿಶಿನ ಪೂಸಿದಂತೆ ಕಂಡಿತು. ಸಂಜೆಯ ಹೊತ್ತಿಗೆ ಆ ಬಣ್ಣ ಎದೆಗೂ ಹೊಟ್ಟೆಗೂ ಇಳಿದಿತ್ತು. ವೈದ್ಯರು ಹಿಮ್ಮಡಿಯಿಂದ ಒಂದು ತೊಟ್ಟು ರಕ್ತ ತೆಗೆದು ಪರೀಕ್ಷಿಸಿ, ಮಗುವನ್ನು ಬೆಳಕಿನ ಕೆಳಗೆ ಮಲಗಿಸಬೇಕೆಂದರು. ಔಷಧವಿಲ್ಲ, ಸೂಜಿಯಿಲ್ಲ. ಒಂದು ಚಿಕ್ಕ ತೊಟ್ಟಿಲು, ಅದರ ಮೇಲೊಂದು ದೀಪ, ಅಷ್ಟೆ. ಮೈಮೇಲೆ ಬಟ್ಟೆಯಿಲ್ಲದೆ, ಕಣ್ಣಿಗೆ ಬಿಳಿಯ ಪಟ್ಟಿ ಕಟ್ಟಿಸಿಕೊಂಡು, ಆ ಕೂಸು ಎರಡು ದಿನ ಎರಡು ರಾತ್ರಿ ನೀಲಿ ಬೆಳಕಿನಲ್ಲಿ ಮಲಗಿತ್ತು. ಹಾಲೂಡಿಸುವಾಗ ಮಾತ್ರ ಹೊರಗೆ ತೆಗೆಯುತ್ತಿದ್ದರು. ಕೋಣೆಯ ಬಾಗಿಲ ಗಾಜಿನಾಚೆ ನಿಂತು ನೋಡುತ್ತಿದ್ದ ನನಗೆ ಅದು ಆಳವಾದ ಕೊಳದ ತಳದಲ್ಲಿ ನಿದ್ರಿಸುತ್ತಿರುವಂತೆ ತೋರುತ್ತಿತ್ತು.

‘ಇದನ್ನು ಮೊದಲು ಕಂಡುಹಿಡಿದವರು ಯಾರು?’ ಎಂದು ನಾನು ಎಳೆಯ ಪ್ರಾಯದ ವೈದ್ಯರನ್ನು ಕೇಳಿದೆ. ಅವರು ನಕ್ಕು, ‘ಅದು ಬಹಳ ಹಳೆಯ ಪದ್ಧತಿ, ಮೇಷ್ಟ್ರೇ’ ಎಂದು ಹೇಳಿ ಇನ್ನೊಂದು ತೊಟ್ಟಿಲ ಕಡೆಗೆ ನಡೆದರು. ಅವರಿಗೆ ಬಿಡುವಿರಲಿಲ್ಲ, ನಿವೃತ್ತನಾದ ನನಗೆ ಬಿಡುವಿತ್ತು. ಆ ಪ್ರಶ್ನೆಯನ್ನು ನಾನು ಸುಮ್ಮನೆ ಕೇಳಿದ್ದೂ ಅಲ್ಲ.

ನನ್ನ ತಾಯಿಯ ಚೊಚ್ಚಲ ಮಗು 1955ರ ದೀಪಾವಳಿಯ ಹೊತ್ತಿಗೆ ಹುಟ್ಟಿತ್ತು. ಅದೂ ಹೆಣ್ಣು. ಮೂರನೆಯ ದಿನ ಅದರ ಮೈಯೂ ಹಳದಿಯಾಯಿತಂತೆ. ಎಂಟನೆಯ ದಿನ ತೀರಿಹೋಯಿತಂತೆ. ಆ ವರ್ಷದ ಜೂನ್ ತಿಂಗಳಲ್ಲಿ ಸೂರ್ಯಗ್ರಹಣವಾಗಿತ್ತು. ಗರ್ಭಿಣಿಯಾಗಿದ್ದ ನನ್ನ ತಾಯಿ ಅಂದು ಬೆಳಗ್ಗೆ ಅರಿಯದೆ ಹಿತ್ತಿಲಿಗೆ ಕಾಲಿಟ್ಟಿದ್ದಳು. ಮಗು ಹೋದುದು ಅದರಿಂದಲೇ ಎಂದು ಮನೆಯ ಹಿರಿಯರು ತೀರ್ಮಾನಿಸಿದರು. ಅವಳೂ ಹಾಗೆಯೇ ನಂಬಿದಳು. ಆಮೇಲೆ ನಾವು ನಾಲ್ವರು ಹುಟ್ಟಿ ಬದುಕಿದೆವು. ಅವಳು ಎಂಬತ್ತು ದಾಟಿ ಬಾಳಿದಳು. ಆದರೂ ಹೊಸ ಕೂಸೊಂದನ್ನು ಯಾರಾದರೂ ಅವಳ ಮಡಿಲಿಗಿಟ್ಟಾಗಲೆಲ್ಲ ಮೊದಲು ಅದರ ಕಣ್ಣಿನ ಬಿಳಿಯನ್ನು ನೋಡುತ್ತಿದ್ದಳು.

ಹೀಗೆ ನನಗೆ ಈ ಚರಿತ್ರೆಯನ್ನು ಹುಡುಕುವ ಮನಸ್ಸಾಯಿತು. ನಾನು ವಿಜ್ಞಾನದ ವಿದ್ಯಾರ್ಥಿಯಲ್ಲ. ಕನ್ನಡ ಪಾಠ ಹೇಳಿ ನಿವೃತ್ತನಾದವನು. ಬಲ್ಲವರು ಬರೆದುದನ್ನು ಓದಿ, ಅರ್ಥವಾದಷ್ಟನ್ನು ಹೇಳುವುದು ಮಾತ್ರ ನನ್ನ ಕೆಲಸ. ಓದುತ್ತ ಹೋದಂತೆ ತಿಳಿದದ್ದೇನೆಂದರೆ, ನೀಲಿ ಬೆಳಕಿಗೆ ಇರುವುದು ಒಂದು ಕಥೆಯಲ್ಲ, ಎರಡು. ಒಂದು ಬಲು ದೊಡ್ಡ ಸದ್ದು ಮಾಡಿದ ಸುಳ್ಳಿನ ಕಥೆ. ಇನ್ನೊಂದು ಬಲು ಮೆಲ್ಲಗೆ ಬಂದ ನಿಜದ ಕಥೆ. ವಿಚಿತ್ರವೆಂದರೆ ಎರಡರಲ್ಲಿಯೂ ಬಣ್ಣ ಒಂದೇ.

ಬಣ್ಣಕ್ಕೂ ಕಾಯಿಲೆಗೂ ಸಂಬಂಧವಿದೆಯೆಂಬ ನಂಬಿಕೆ ಎಲ್ಲ ದೇಶಗಳಲ್ಲಿಯೂ ಹಳೆಯದು. ಹದಿನಾಲ್ಕನೆಯ ಶತಮಾನದಲ್ಲಿ ಇಂಗ್ಲೆಂಡಿನ ವೈದ್ಯ ಜಾನ್ ಆಫ್ ಗ್ಯಾಡ್ಸ್‌ಡನ್ ಎಂಬಾತ, ಸಿಡುಬು ಬಂದ ರಾಜಕುಮಾರನ ಹಾಸಿಗೆಯ ಸುತ್ತ ಕೆಂಪು ಬಟ್ಟೆ ಕಟ್ಟಿಸಿ, ಕಲೆಯಿಲ್ಲದಂತೆ ಗುಣಪಡಿಸಿದೆನೆಂದು ಬರೆದಿಟ್ಟಿದ್ದಾನೆ. ನಮ್ಮ ಊರಿನಲ್ಲಿ ನಾನು ಬಾಲಕನಾಗಿದ್ದಾಗ ಶಾಲಾ ಮಾಸ್ತರರೊಬ್ಬರು ತಮ್ಮ ಹಿತ್ತಿಲ ಗೋಡೆಯ ಮೇಲೆ ಕೆಂಪು, ನೀಲಿ, ಹಳದಿ ಸೀಸೆಗಳಲ್ಲಿ ನೀರು ತುಂಬಿ ಬಿಸಿಲಿಗಿಡುತ್ತಿದ್ದರು. ತಲೆನೋವಿಗೆ ನೀಲಿ ಸೀಸೆಯ ನೀರು, ನೆಗಡಿಗೆ ಕೆಂಪು ಸೀಸೆಯದು. ನಾವು ಹುಡುಗರು ನೀರಿಗಿಂತ ಗೋಡೆಯ ಮೇಲೆ ಬೀಳುವ ಬಣ್ಣದ ನೆರಳುಗಳನ್ನು ನೋಡಲು ಹೋಗುತ್ತಿದ್ದೆವು. ಆ ಸೀಸೆಗಳ ಮೂಲ ನಮ್ಮ ಪ್ರಾಚೀನ ಗ್ರಂಥಗಳಲ್ಲಿದೆಯೆಂದು ಮಾಸ್ತರರು ಹೇಳುತ್ತಿದ್ದರು. ಅಂಥ ಬಣ್ಣದ ನೀರಿನ ಚಿಕಿತ್ಸೆಯೊಂದು ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿಯೂ ಬೆಳೆದಿತ್ತೆಂಬುದು ನನಗೆ ತಿಳಿದದ್ದು ಈ ಹುಡುಕಾಟದಲ್ಲಿ.

ಫಿಲಡೆಲ್ಫಿಯಾ ನಗರದಲ್ಲಿ ಆಗಸ್ಟಸ್ ಪ್ಲೆಸಂಟನ್ ಎಂಬ ಸೇನಾಧಿಕಾರಿಯೊಬ್ಬನಿದ್ದ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಆ ನಗರದ ರಕ್ಷಣಾಪಡೆಯ ಮುಖ್ಯಸ್ಥನಾಗಿದ್ದವನು. ಆಕಾಶ ನೀಲಿಯಾಗಿರುವುದಕ್ಕೆ ಏನಾದರೊಂದು ಪ್ರಯೋಜನ ಇದ್ದೇ ಇರಬೇಕೆಂಬುದು ಅವನ ತರ್ಕ. ಸೃಷ್ಟಿಯಲ್ಲಿ ವ್ಯರ್ಥವಾದುದು ಯಾವುದೂ ಇಲ್ಲ. ಆದುದರಿಂದ ನೀಲಿ ಬಣ್ಣವೇ ಜೀವಿಗಳನ್ನು ಬೆಳೆಸುವ ಶಕ್ತಿ. ಈ ನಂಬಿಕೆಯಿಂದ ಅವನು 1861ರಲ್ಲಿ ದ್ರಾಕ್ಷಿ ಬೆಳೆಯಲು ಒಂದು ಗಾಜಿನ ಮನೆ ಕಟ್ಟಿಸಿದ. ಅದರ ಮಾಡಿನಲ್ಲಿ ಏಳು ಸಾಲು ಬಿಳಿಯ ಗಾಜಿಗೆ ಒಂದು ಸಾಲಿನಂತೆ ನೀಲಿನೇರಳೆ ಗಾಜನ್ನು ಕೂಡಿಸಿದ. ಬಳ್ಳಿಗಳು ಸೊಂಪಾಗಿ ಬೆಳೆದವು. ಮುಂದೆ ಕೈಬೆರಳೆಣಿಕೆಯ ಹಂದಿಮರಿಗಳನ್ನು ನೀಲಿ ಗಾಜಿನ ಕೆಳಗೆ ಸಾಕಿದ, ಅವೂ ಕೊಬ್ಬಿದವು. 1871ರಲ್ಲಿ ಊರಿನ ಕೃಷಿ ಸಂಘದ ಮುಂದೆ ಪ್ರಬಂಧ ಓದಿ, ಅದೇ ವರ್ಷ ತನ್ನ ಪದ್ಧತಿಗೆ ಪೇಟೆಂಟನ್ನೂ ಪಡೆದ. 1876ರಲ್ಲಿ ಎಲ್ಲವನ್ನೂ ಸೇರಿಸಿ ಪುಸ್ತಕವಾಗಿ ಹೊರತಂದ. ಓದುಗರ ಕಣ್ಣಿಗೆ ಹಿತವಾಗಲೆಂದು ಆ ಪುಸ್ತಕವನ್ನು ನೀಲಿ ಕಾಗದದ ಮೇಲೆ ನೀಲಿ ಶಾಯಿಯಲ್ಲಿಯೇ ಮುದ್ರಿಸಿದ್ದರು!

ಮುಂದಿನ ವರ್ಷ ಅಮೆರಿಕದ ಪಟ್ಟಣಗಳಲ್ಲಿ ಹಬ್ಬಿದ ಹುಚ್ಚನ್ನು ಅಲ್ಲಿನ ಚರಿತ್ರಕಾರರು ‘ನೀಲಿ ಗಾಜಿನ ಹುಚ್ಚು’ ಎಂದೇ ಕರೆಯುತ್ತಾರೆ. ಕೀಲುನೋವಿನ ಮುದುಕರು, ನರದೌರ್ಬಲ್ಯದ ಗೃಹಿಣಿಯರು, ಬಡಕಲು ಮಕ್ಕಳು, ಎಲ್ಲರೂ ಕಿಟಕಿಗೆ ನೀಲಿ ಗಾಜು ಹಾಕಿಸಿಕೊಂಡು ಅದರಡಿ ಕುಳಿತರು. ಗಾಜಿನ ವ್ಯಾಪಾರಿಗಳಿಗೆ ಸುಗ್ಗಿ. ಗುಣವಾಯಿತೆಂದು ಬರೆದವರೂ ಅನೇಕರು. ಅವರು ಸುಳ್ಳು ಹೇಳಿದರೆಂದು ನಾನು ಭಾವಿಸುವುದಿಲ್ಲ. ದಿನಕ್ಕೆ ಗಂಟೆ ಎರಡು ಗಂಟೆ ಕಿಟಕಿಯ ಬಳಿ ಬೆಚ್ಚಗೆ ಕುಳಿತು, ಗುಣವಾಗುತ್ತದೆಂದು ನಂಬಿದ ಮನುಷ್ಯನಿಗೆ ಸ್ವಲ್ಪ ಹಗುರವೆನಿಸಿದರೆ ಆಶ್ಚರ್ಯವಿಲ್ಲ.

1877ರಲ್ಲಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆ ಇದನ್ನು ಒರೆಗೆ ಹಚ್ಚಿತು. ಅದರ ಆಕ್ಷೇಪ ಎಷ್ಟು ಸರಳವೆಂದರೆ ನನ್ನಂಥವನಿಗೂ ತಿಳಿಯುತ್ತದೆ. ನೀಲಿ ಗಾಜು ಸೂರ್ಯನ ಬೆಳಕಿಗೆ ನೀಲಿಯನ್ನು ಸೇರಿಸುವುದಿಲ್ಲ. ಉಳಿದ ಬಣ್ಣಗಳನ್ನು ತಡೆಯುತ್ತದೆ. ಬಿಳಿಯ ಗಾಜಿನ ಮೂಲಕ ಬರುವ ಬೆಳಕಿನಲ್ಲಿ ಅಷ್ಟೇ ನೀಲಿ ಇದ್ದೇ ಇರುತ್ತದೆ. ಹಾಗಾದರೆ ನೀಲಿ ಗಾಜು ಹಾಕಿಸಿದವನು ಮಾಡಿಕೊಂಡದ್ದೇನು? ದುಡ್ಡು ಕೊಟ್ಟು ನೆರಳು ಕೊಂಡುಕೊಂಡದ್ದು! ಸ್ವಲ್ಪ ಕಾಲದಲ್ಲಿಯೇ ಆ ಹುಚ್ಚು ಇಳಿಯಿತು. ಆದರೆ ನಂಬಿಕೆ ಅಳಿಯಲಿಲ್ಲ. 1878ರಲ್ಲಿ ಎಡ್ವಿನ್ ಬ್ಯಾಬಿಟ್ ಎಂಬಾತ ಬೆಳಕು ಮತ್ತು ಬಣ್ಣಗಳ ತತ್ತ್ವಗಳನ್ನು ಕುರಿತು ಒಂದು ಬೃಹದ್ಗ್ರಂಥವನ್ನೇ ರಚಿಸಿದ. ಬಣ್ಣದ ಪಾತ್ರೆಯಲ್ಲಿ ನೀರು ತುಂಬಿ ಬಿಸಿಲಿಗಿಟ್ಟು ಕುಡಿಯುವ ಚಿಕಿತ್ಸೆ ಅದರಲ್ಲಿದೆ. ನಮ್ಮ ಮಾಸ್ತರರ ಗೋಡೆಯ ಸೀಸೆಗಳ ನೆಂಟಸ್ತಿಕೆ ನನಗೆ ಹೊಳೆದದ್ದು ಅಲ್ಲಿ.

ಬ್ಯಾಬಿಟ್ಟನ ಈ ಗ್ರಂಥ ಮುಂಬಯಿಯ ಒಬ್ಬ ಪಾರ್ಸಿ ತರುಣನ ಕೈಗೆ ಬಂದಿತು. ಆತನ ಹೆಸರು ದಿನ್‌ಶಾ ಘಡಿಯಾಲಿ, ಜನನ 1873. 1897ರಲ್ಲಿ ಕರುಳಿನ ಬೇನೆಯಿಂದ ಸಾಯುವಂತಿದ್ದ ಹೆಣ್ಣುಮಗಳೊಬ್ಬಳಿಗೆ ತಾನು ಬಣ್ಣದ ಬೆಳಕು ಕೊಟ್ಟು ಬದುಕಿಸಿದೆನೆಂದು ಆತ ಹೇಳಿಕೊಂಡಿದ್ದಾನೆ. ಒಬ್ಬಳು ಬದುಕಿದಳು, ಆ ಒಂದು ಘಟನೆಯ ಮೇಲೆ ಒಂದು ಶಾಸ್ತ್ರವನ್ನೇ ಕಟ್ಟಿದ. 1911ರಲ್ಲಿ ಅಮೆರಿಕಕ್ಕೆ ಹೋದ. 1920ರಲ್ಲಿ ‘ಸ್ಪೆಕ್ಟ್ರೋಕ್ರೋಮ್’ ಎಂಬ ಪೆಟ್ಟಿಗೆಯನ್ನು ಬಳಕೆಗೆ ತಂದ. ಒಳಗೊಂದು ದೊಡ್ಡ ಬಲ್ಬು, ಮುಂದೆ ಐದು ಬಣ್ಣದ ಗಾಜುಗಳು; ಅವನ್ನು ಜೋಡಿಸಿದರೆ ಹನ್ನೆರಡು ಬಣ್ಣ. ರೋಗಕ್ಕೊಂದು ಬಣ್ಣ. ಔಷಧ ಬೇಡ, ಶಸ್ತ್ರಚಿಕಿತ್ಸೆ ಬೇಡ, ರೋಗನಿರ್ಣಯವೂ ಬೇಡ ಎಂಬುದು ಆತನ ಘೋಷಣೆ. 1931ರಲ್ಲಿ ಬಫೆಲೊ ನಗರದಲ್ಲಿ ವಂಚನೆಯ ಮೊಕದ್ದಮೆ ನಡೆದಾಗ, ಕೇಟ್ ಬಾಲ್ಡ್‌ವಿನ್ ಎಂಬ ಅನುಭವಸ್ಥ ಶಸ್ತ್ರವೈದ್ಯೆಯೇ ಆತನ ಪರವಾಗಿ ಸಾಕ್ಷ್ಯ ನುಡಿದಳು, ಆತ ಖುಲಾಸೆಯಾದ. ಆದರೆ 1947ರಲ್ಲಿ ಸಂಯುಕ್ತ ಸರಕಾರ ಹೂಡಿದ ಮೊಕದ್ದಮೆಯಲ್ಲಿ ಸೋತ. ದಂಡ ವಿಧಿಸಿದರು, ಪುಸ್ತಕಗಳನ್ನು ನಾಶಮಾಡಿಸಿದರು. 1966ರಲ್ಲಿ ಆತ ತೀರಿಕೊಂಡ. ಪುಸ್ತಕಗಳನ್ನು ಹಾಳುಮಾಡಿದ್ದು ನನ್ನಂಥವನಿಗೆ ನೋವಿನ ಸಂಗತಿಯೇ. ಆದರೆ ವೈದ್ಯರನ್ನು ಬಿಟ್ಟು ಪೆಟ್ಟಿಗೆಯ ಮುಂದೆ ಕುಳಿತ ರೋಗಿಗಳ ನೋವು ಅದಕ್ಕಿಂತ ಹಿರಿದು.

ಇಲ್ಲಿಗೆ ಮೊದಲ ಕಥೆಯನ್ನು ನಿಲ್ಲಿಸುತ್ತೇನೆ. ಎರಡನೆಯ ಕಥೆಗೆ ಹೋಗಲು ನಾವು ಸ್ವಲ್ಪ ಹಿಂದಕ್ಕೆ, ಡೆನ್ಮಾರ್ಕಿಗೆ ಹೋಗಬೇಕು.

ನೀಲ್ಸ್ ಫಿನ್ಸೆನ್ ಉತ್ತರ ಸಮುದ್ರದಾಚೆಯ ಫೆರೋ ದ್ವೀಪಗಳಲ್ಲಿ 1860ರಲ್ಲಿ ಹುಟ್ಟಿದವನು. ಬಿಸಿಲು ಅಪರೂಪವಾದ ನಾಡು ಅದು. ತರುಣನಾಗಿದ್ದಾಗಲೇ ಮೈಗೆ ವಾಸಿಯಾಗದ ಕಾಯಿಲೆ ಹಿಡಿದಿತ್ತು. ಎದುರಿನ ಮಾಡಿನ ಮೇಲೆ ಬಿಸಿಲು ಕಾಯುತ್ತ ಮಲಗಿದ್ದ ಬೆಕ್ಕೊಂದು, ನೆರಳು ಸರಿದು ಬಂದಾಗಲೆಲ್ಲ ಎದ್ದು ಮತ್ತೆ ಬಿಸಿಲಿಗೆ ಹೋಗುವುದನ್ನು ಆತ ಕಿಟಕಿಯಿಂದ ನೋಡಿದನಂತೆ. ಬೆಳಕು ಮೈಗೆ ಏನು ಮಾಡುತ್ತದೆಂಬ ಪ್ರಶ್ನೆ ಅಂದಿನಿಂದ ಅವನನ್ನು ಬಿಡಲಿಲ್ಲ. 1893ರಲ್ಲಿ ಸಿಡುಬಿನ ರೋಗಿಗಳನ್ನು ಕೆಂಪು ಬೆಳಕಿನ ಕೋಣೆಯಲ್ಲಿಡಬೇಕೆಂದು ಸೂಚಿಸಿದ. 1904ರಲ್ಲಿ ಲಂಡನ್ನಿನ ವೈದ್ಯರು ಪರೀಕ್ಷಿಸಿ, ಅದರಿಂದ ಉಪಯೋಗವಿಲ್ಲವೆಂದರು. ಅದು ಅಲ್ಲಿಗೆ ಮುಗಿಯಿತು. ಆದರೆ ಅವನ ಇನ್ನೊಂದು ಕೆಲಸ ನಿಂತಿತು. ಮುಖದ ಚರ್ಮವನ್ನು ತಿನ್ನುತ್ತಿದ್ದ ಕ್ಷಯರೋಗವೊಂದಿತ್ತು. ಅದು ಬಂದವರು ಬೀದಿಗೆ ಬರಲು ನಾಚುತ್ತಿದ್ದರು. ಫಿನ್ಸೆನ್ 1895ರಲ್ಲಿ ವಿದ್ಯುತ್ ದೀಪದ ಪ್ರಖರ ಬೆಳಕನ್ನು ಮಸೂರಗಳಿಂದ ಒಟ್ಟುಗೂಡಿಸಿ, ಅದರ ಬಿಸಿಯನ್ನು ನೀರಿನ ಮೂಲಕ ಕಳೆದು, ರೋಗ ತಗುಲಿದ ಜಾಗದ ಮೇಲೆ ಬೀಳಿಸಿದ. ಗಾಯಗಳು ಮಾಯತೊಡಗಿದವು. 1896ರಲ್ಲಿ ಕೋಪನ್‌ಹೇಗನ್ನಿನಲ್ಲಿ ಅವನ ಸಂಸ್ಥೆ ತೆರೆಯಿತು. 1903ರಲ್ಲಿ ನೊಬೆಲ್ ಪಾರಿತೋಷಕ ಬಂದಿತು. ಅದನ್ನು ಪಡೆಯಲು ಹೋಗುವಷ್ಟು ತ್ರಾಣ ಅವನಲ್ಲಿರಲಿಲ್ಲ. ಮರುವರ್ಷ, 43ನೆಯ ವಯಸ್ಸಿನಲ್ಲಿ ತೀರಿಕೊಂಡ.

ಆ ಬೆಳಕಿನ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳೇ ಗುಣಪಡಿಸಿದವೆಂದು ನೂರು ವರ್ಷ ಎಲ್ಲರೂ ತಿಳಿದಿದ್ದರು. 2005ರಲ್ಲಿ ಡೆನ್ಮಾರ್ಕಿನ ವಿಜ್ಞಾನಿಗಳು ಫಿನ್ಸೆನ್ನನ ಹಳೆಯ ಮಸೂರಗಳನ್ನೇ ತೆಗೆದು ಪರೀಕ್ಷಿಸಿದರು. ರೋಗಾಣುವನ್ನು ನೇರವಾಗಿ ಕೊಲ್ಲಬಲ್ಲ ಕಿರಣಗಳು ಆ ಗಾಜನ್ನು ದಾಟುವುದೇ ಇಲ್ಲವೆಂದು ಕಂಡಿತು. ರೋಗಾಣುವಿನೊಳಗಿನ ಬಣ್ಣದ ವಸ್ತುವೊಂದು ನೇರಳೆ ಅಂಚಿನ ಬೆಳಕನ್ನು ಹೀರಿ, ಅದರಿಂದಲೇ ರೋಗಾಣು ನಾಶವಾಗಿರಬೇಕೆಂಬುದು ಅವರ ವಿವರಣೆ. ಎಂದರೆ, ಫಿನ್ಸೆನ್ನನ ಸಿದ್ಧಾಂತ ತಪ್ಪಾಗಿದ್ದರೂ ಅವನ ಕಣ್ಣು ತಪ್ಪಿರಲಿಲ್ಲ.

ಇನ್ನು ನನ್ನ ಮೊಮ್ಮಗಳ ತೊಟ್ಟಿಲಿಗೆ ಬರುತ್ತೇನೆ. ಇಂಗ್ಲೆಂಡಿನ ಎಸೆಕ್ಸ್ ಪ್ರಾಂತದಲ್ಲಿ ರಾಚ್‌ಫರ್ಡ್ ಎಂಬ ಊರು. ಅಲ್ಲಿನ ಆಸ್ಪತ್ರೆಯಲ್ಲಿ ದಿನ ತುಂಬದೆ ಹುಟ್ಟಿದ ಕೂಸುಗಳ ವಿಭಾಗವನ್ನು ಸಿಸ್ಟರ್ ವಾರ್ಡ್ ಎಂಬ ದಾದಿ ನೋಡಿಕೊಳ್ಳುತ್ತಿದ್ದಳು. ಬಿಸಿಯಾದ ಮುಚ್ಚಿದ ಕೋಣೆಗಿಂತ ಹೊರಗಿನ ಗಾಳಿಬೆಳಕು ಮಕ್ಕಳಿಗೆ ಒಳ್ಳೆಯದೆಂದು ಆಕೆಯ ಭಾವನೆ. ಆದುದರಿಂದ ಹವೆ ಚೆನ್ನಾಗಿದ್ದ ದಿನ ತೊಟ್ಟಿಲುಗಳನ್ನು ಆಸ್ಪತ್ರೆಯ ಅಂಗಳಕ್ಕೆ ತಳ್ಳಿಕೊಂಡು ಹೋಗಿ, ವೈದ್ಯರು ಬರುವುದರೊಳಗೆ ಒಳಗೆ ತಂದುಬಿಡುತ್ತಿದ್ದಳು. 1956ರ ಬೇಸಿಗೆಯ ಒಂದು ದಿನ, ವೈದ್ಯರು ಸುತ್ತು ಬಂದಾಗ, ಆಕೆ ಅಳುಕುತ್ತ ಒಂದು ಕೂಸಿನ ಬಟ್ಟೆ ಸರಿಸಿ ತೋರಿಸಿದಳು. ಮಗುವಿನ ಮೈಯೆಲ್ಲ ತಿಳಿಯಾಗಿತ್ತು. ಒಂದು ಮುಕ್ಕೋನದ ಜಾಗ ಮಾತ್ರ ದಟ್ಟ ಹಳದಿ. ಅಲ್ಲಿ ಏನಾದರೂ ಔಷಧ ಬಳಿದಿದ್ದೀರಾ ಎಂದು ವೈದ್ಯರು ಕೇಳಿದರು. ಇಲ್ಲ, ಹೊದಿಕೆಯ ಮೂಲೆಯೊಂದು ಅಲ್ಲಿ ಮುಚ್ಚಿತ್ತು, ಉಳಿದ ಮೈಗೆ ಬಿಸಿಲು ಬಿದ್ದಿತ್ತು ಎಂದು ಆಕೆ ಉತ್ತರಿಸಿದಳು. ಮಗುವಿನ ಮೈಗೆ ಹೊಸದಾಗಿ ಹಳದಿ ಬಂದಿರಲಿಲ್ಲ. ಮುಚ್ಚಿದ್ದ ಕಡೆ ಹಳದಿ ಉಳಿದಿತ್ತು, ತೆರೆದ ಕಡೆ ಹೋಗಿತ್ತು.

ಕೆಲವು ವಾರಗಳ ಬಳಿಕ ಇನ್ನೊಂದು ಆಕಸ್ಮಿಕ. ಕಾಮಾಲೆಯ ಮಗುವೊಂದರ ರಕ್ತದ ನಳಿಕೆ ಪ್ರಯೋಗಶಾಲೆಯ ಕಿಟಕಿಯ ಕಟ್ಟೆಯ ಮೇಲೆ ಬಿಸಿಲಿನಲ್ಲಿ ಉಳಿದುಹೋಯಿತು. ಪರೀಕ್ಷಿಸಿದಾಗ ಅದರಲ್ಲಿ ಹಳದಿಯ ದ್ರವ್ಯ, ಎಂದರೆ ಬಿಲಿರುಬಿನ್, ಇರಬೇಕಾದುದಕ್ಕಿಂತ ಬಹಳ ಕಡಿಮೆಯಾಗಿತ್ತು. ತಪ್ಪಾಯಿತೆಂದು ಅದನ್ನು ಚೆಲ್ಲಿಬಿಡಬಹುದಾಗಿತ್ತು. ಚೆಲ್ಲಲಿಲ್ಲ. ಕ್ರೀಮರ್, ಪೆರಿಮನ್, ರಿಚರ್ಡ್ಸ್ ಎಂಬ ಮೂವರು ಇದರ ಬೆನ್ನು ಹತ್ತಿದರು. ಯಾವ ಬಣ್ಣದ ಬೆಳಕಿಗೆ ಈ ಶಕ್ತಿ ಹೆಚ್ಚು ಎಂದು ನೋಡಿದಾಗ ಅದು ನೀಲಿಯಾಗಿತ್ತು. ಬಿಸಿಲನ್ನು ನಂಬುವಂತಿಲ್ಲದ ಆ ನಾಡಿನಲ್ಲಿ ನೀಲಿ ದೀಪದ ನಳಿಕೆಗಳನ್ನು ತೊಟ್ಟಿಲ ಮೇಲೆ ಸಾಲಾಗಿ ಜೋಡಿಸಿದರು. 1958ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿ ಪ್ರಕಟವಾಯಿತು. ಆದರೂ ಜಗತ್ತು ಕೂಡಲೇ ನಂಬಲಿಲ್ಲ. 1968ರಲ್ಲಿ ಅಮೆರಿಕದ ಜೆರಾಲ್ಡ್ ಲೂಸಿ ಮತ್ತು ಅವರ ಸಂಗಡಿಗರು ಕೂಸುಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಬೆಳಕು ಕೊಟ್ಟು ಇನ್ನೊಂದಕ್ಕೆ ಕೊಡದೆ, ಎರಡನ್ನೂ ಹೋಲಿಸಿ ತೋರಿಸಿದ ಮೇಲೆಯೇ ಈ ಪದ್ಧತಿ ಎಲ್ಲೆಡೆ ಹಬ್ಬಿತು. ಅದಕ್ಕೆ ಮೊದಲು ಕಾಮಾಲೆ ಮಿತಿಮೀರಿದರೆ ಮಗುವಿನ ರಕ್ತವನ್ನೇ ತೆಗೆದು ಬೇರೆ ರಕ್ತ ತುಂಬುವುದೊಂದೇ ದಾರಿಯಾಗಿತ್ತು. ತಡವಾದರೆ ಆ ಹಳದಿ ಮಿದುಳಿಗೆ ಹೋಗಿ ಮಗು ಸಾಯುತ್ತಿತ್ತು, ಇಲ್ಲವೆ ಕಿವಿ, ಕೈಕಾಲುಗಳ ಸ್ವಾಧೀನ ಕಳೆದುಕೊಂಡು ಬದುಕುತ್ತಿತ್ತು.

ನೀಲಿಯೇ ಏಕೆ? ವಸ್ತುವೊಂದು ಹಳದಿಯಾಗಿ ಕಾಣುವುದೇ ಅದು ಬೆಳಕಿನಲ್ಲಿರುವ ನೀಲಿಯನ್ನು ನುಂಗಿ ಉಳಿದುದನ್ನು ಹಿಂದಕ್ಕೆ ಕಳುಹಿಸುವುದರಿಂದ. ನುಂಗಿದ ನೀಲಿ ಬಿಲಿರುಬಿನ್ನಿನ ಕಣದ ಆಕಾರವನ್ನು ತಿರುಚಿ ಬದಲಿಸುತ್ತದೆ. ಹಳೆಯ ಆಕಾರದಲ್ಲಿ ಅದು ನೀರಿನಲ್ಲಿ ಕರಗದು. ಎಳೆಯ ಯಕೃತ್ತು ಅದನ್ನು ಸಾಗಹಾಕಲಾರದು. ಹೊಸ ಆಕಾರದಲ್ಲಿ ಅದು ಪಿತ್ತದೊಡನೆ, ಮೂತ್ರದೊಡನೆ ಹರಿದುಹೋಗುತ್ತದೆ. ಇಲ್ಲಿ ಮಂತ್ರವಿಲ್ಲ, ಆಕಾಶದ ಗೂಢಶಕ್ತಿಯೂ ಇಲ್ಲ. ಈ ಹಳದಿಗೆ ಈ ನೀಲಿ, ಇಷ್ಟು ಹೊತ್ತು, ಇಷ್ಟು ಪ್ರಖರವಾಗಿ, ಅಷ್ಟೇ ಲೆಕ್ಕ. ಮನೆಯಲ್ಲಿ ನೀಲಿ ಬಲ್ಬು ಹಚ್ಚಿದರೆ ಆ ಲೆಕ್ಕ ಕೂಡುವುದಿಲ್ಲವೆಂದು ನಮ್ಮ ವೈದ್ಯರು ಎಚ್ಚರಿಸಿದ್ದನ್ನೂ ಇಲ್ಲಿ ಸೇರಿಸುತ್ತೇನೆ.

ನೀಲಿಗೆ ಮನಸ್ಸಿನ ಮೇಲೆ ಏನೂ ಪ್ರಭಾವವಿಲ್ಲವೇ? ಇದೆ, ಅದೂ ಈಚೆಗೆ ತಿಳಿದ ಸಂಗತಿ. 1998ರಲ್ಲಿ ಕಪ್ಪೆಯೊಂದರ ಚರ್ಮದಲ್ಲಿ ಮೆಲನಾಪ್ಸಿನ್ ಎಂಬ ವರ್ಣದ್ರವ್ಯ ಸಿಕ್ಕಿತು. 2002ರ ಹೊತ್ತಿಗೆ, ಕಣ್ಣಿನ ಒಳಪರದೆಯ ಕೆಲವು ಕೋಶಗಳಲ್ಲಿ ಅದೇ ದ್ರವ್ಯವಿದ್ದು, ಅವು ರೂಪಗಳನ್ನು ತೋರಿಸುವುದಕ್ಕಿಂತ ಹೆಚ್ಚಾಗಿ ಮಿದುಳಿಗೆ ಹಗಲು ರಾತ್ರಿಗಳ ಸುದ್ದಿ ಮುಟ್ಟಿಸುತ್ತವೆಯೆಂದು ಗೊತ್ತಾಯಿತು. ಈ ಕೋಶಗಳು ಬಹುವಾಗಿ ಸ್ಪಂದಿಸುವುದು ನೀಲಿ ಬೆಳಕಿಗೆ. 2006ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ರಾತ್ರಿ ನೀಲಿ ಬೆಳಕಿನಲ್ಲಿ ಕುಳಿತವರು ಹಸಿರು ಬೆಳಕಿನಲ್ಲಿ ಕುಳಿತವರಿಗಿಂತ ಕಡಿಮೆ ತೂಕಡಿಸಿದರು, ಬೇಗ ಪ್ರತಿಕ್ರಿಯಿಸಿದರು. ಎಚ್ಚರವೇನೋ ಹೆಚ್ಚಿತು, ಆದರೆ ನಿದ್ರೆಯನ್ನು ತರುವ ದೇಹದ ಸ್ರಾವ ಅಷ್ಟೇ ಕುಗ್ಗಿತು. ಆಕಾಶದ ನೀಲಿಗೆ ಪ್ರಯೋಜನವಿರಬೇಕೆಂದ ಪ್ಲೆಸಂಟನ್ ಇದನ್ನು ಕೇಳಿದ್ದರೆ ತಾನು ಗೆದ್ದೆನೆಂದು ಹಿಗ್ಗುತ್ತಿದ್ದನೇನೋ! ಆದರೆ ಅವನು ಹೇಳಿದ್ದು ಇದನ್ನಲ್ಲ. ಊಹೆಯೊಂದು ಅಕಸ್ಮಾತ್ತಾಗಿ ನಿಜದ ಪಕ್ಕದಲ್ಲಿ ಹಾದುಹೋದರೆ ಅದನ್ನು ಜ್ಞಾನವೆನ್ನಲಾಗದು.

ಆಸ್ಪತ್ರೆಯ ಆ ನೀಲಿ ಕೋಣೆಯಿಂದ ಹೊರಗೆ ಬಂದಾಗಲೆಲ್ಲ ನನಗೆ ಒಂದು ವಿಚಿತ್ರ ಅನುಭವವಾಗುತ್ತಿತ್ತು. ಕೆಲವು ಕ್ಷಣ ಹೊರಗಿನ ಬಿಳಿಯ ಗೋಡೆಗಳೆಲ್ಲ ಹಳದಿಯಾಗಿ ಕಾಣುತ್ತಿದ್ದವು. ನೀಲಿಗೆ ಒಗ್ಗಿದ ಕಣ್ಣಿನ ಭ್ರಮೆ ಅದು. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ ಎಂಬ ನಮ್ಮ ಗಾದೆ ನೆನಪಾಗುತ್ತಿತ್ತು. ಪ್ಲೆಸಂಟನ್, ಘಡಿಯಾಲಿ ದುಷ್ಟರಾಗಿದ್ದರೆಂದು ನನಗೆ ಅನಿಸುವುದಿಲ್ಲ. ತಮ್ಮ ನಂಬಿಕೆಯ ಬಣ್ಣಕ್ಕೆ ಅವರ ಕಣ್ಣು ಒಗ್ಗಿಹೋಗಿತ್ತು. ಗುಣವಾದವರನ್ನು ಎಣಿಸಿದರು, ಆಗದವರನ್ನು ಮರೆತರು. ಸಿಸ್ಟರ್ ವಾರ್ಡ್ ಕಂಡದ್ದು ಒಂದೇ ಮಗುವಿನ ಮೈ. ಆದರೆ ಅದೇ ಮೈಯಲ್ಲಿ ಬೆಳಕು ಬಿದ್ದ ಭಾಗವೂ ಬೀಳದ ಭಾಗವೂ ಅಕ್ಕಪಕ್ಕದಲ್ಲಿದ್ದವು. ಆಕೆ ಎರಡನ್ನೂ ನೋಡಿದಳು. ನೋಡಿದುದನ್ನು ಸಿದ್ಧಾಂತ ಮಾಡಿ ಮಾರಲಿಲ್ಲ. ತಪ್ಪಿದ್ದರೆ ತಪ್ಪೆಂದು ಹೇಳಬಲ್ಲವರ ಮುಂದೆ ಇಟ್ಟಳು. ಅವರೂ, ದಾದಿಯ ಮಾತೆಂದು ತಳ್ಳಿಹಾಕಲಿಲ್ಲ. ಈ ಎರಡು ಕಥೆಗಳಿಗೆ ನಾನು ಕಂಡ ಅಂತರ ಇಷ್ಟೇ.

ನನ್ನ ಅಕ್ಕನಾಗಬೇಕಿದ್ದ ಆ ಕೂಸು ಹುಟ್ಟಿದ್ದು ನಮ್ಮ ಹಳೆಯ ಮನೆಯ ನಡುಕೋಣೆಯಲ್ಲಿ. ಬಾಣಂತಿಗೆ ಗಾಳಿ ಸೋಕಬಾರದೆಂದು ಅದಕ್ಕೆ ಕಿಟಕಿಯೇ ಇರಲಿಲ್ಲ. ಹಗಲಿನಲ್ಲಿಯೂ ಹರಳೆಣ್ಣೆಯ ದೀಪ. ಕಿಟಕಿಯಿದ್ದಿದ್ದರೆ ಮಗು ಉಳಿಯುತ್ತಿತ್ತೆಂದು ನಾನು ಹೇಳಲಾರೆ. ಆ ಕಾಮಾಲೆ ಯಾವ ಬಗೆಯದೋ. ರಕ್ತದ ಹೊಂದಾಣಿಕೆಯಿಲ್ಲದೆ ಬಂದದ್ದಾಗಿದ್ದರೆ ಬಿಸಿಲು ಸಾಲುತ್ತಿರಲಿಲ್ಲ. ಹಾಗೆ ಹೇಳಿಬಿಟ್ಟರೆ ಪ್ಲೆಸಂಟನ್ನನ ಪಂಕ್ತಿಯಲ್ಲಿ ನಾನೂ ಎಲೆ ಹಾಕಿಸಿಕೊಂಡಂತೆ. ಆದರೆ ಒಂದನ್ನು ಮಾತ್ರ ನಿಸ್ಸಂಶಯವಾಗಿ ಹೇಳಬಲ್ಲೆ: ಅದು ಗ್ರಹಣದಿಂದ ಆದುದಲ್ಲ. ನನ್ನ ತಾಯಿ ಅಂದು ಹಿತ್ತಿಲಿಗೆ ಕಾಲಿಟ್ಟದ್ದರಿಂದ ಯಾರಿಗೂ ಏನೂ ಆಗಲಿಲ್ಲ. ಅವಳ ಮಗು ಹೋದ ಮರುವರ್ಷವೇ ದೂರದ ಅಂಗಳವೊಂದರಲ್ಲಿ ಉತ್ತರ ಕಾಣಿಸಿಕೊಂಡಿತ್ತು. ಅದು ಅವಳ ಕಿವಿಗೆ ಕೊನೆಯವರೆಗೂ ಬೀಳಲಿಲ್ಲ. ಕಲಿತ ಮಗನಾದ ನಾನು ಅವಳು ಇರುವಾಗ ಹುಡುಕಿ ಹೇಳಲಿಲ್ಲ.

ಮೂರನೆಯ ದಿನ ಬೆಳಗ್ಗೆ ದಾದಿ ದೀಪ ಆರಿಸಿ, ಕೂಸಿನ ಕಣ್ಣಿನ ಪಟ್ಟಿ ಬಿಚ್ಚಿ, ನನ್ನ ಕೈಗೆ ಕೊಟ್ಟಳು. ಮಗು ಹಗಲಿನ ಬೆಳಕಿಗೆ ಕಣ್ಣು ಕಿರಿದು ಮಾಡಿ ಆಕಳಿಸಿತು. ನಾನೂ ನನ್ನ ತಾಯಿಯಂತೆಯೇ ಮೊದಲು ಅದರ ಕಣ್ಣಿನ ಬಿಳಿಯನ್ನು ನೋಡಿದೆ.